ಒಂದು ಹೆಸರು, ಹಲವು ಮನೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ನಮ್ಮನ್ನು ಈ ವೇದಿಕೆಗೆ ಆಹ್ವಾನಿಸಿದಾಗ ‘ಸಂಘಶಕ್ತಿ’ಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆ ಮಾಡಿದರು. ಇದೇ ವಿಷಯವಾಗಿ ಇದೇ ವೇದಿಕೆಯಲ್ಲಿ ಆಗಿಹೋದ ಭಾಷಣಗಳು ಎಷ್ಟೋ. ಐದು ಬೆರಳು ಕೂಡಿ ಮುಷ್ಟಿಯಾದುದನ್ನೂ, ಕಟ್ಟಿಗೆಯ ಹೊರೆಯನ್ನು ಮುರಿಯಲಾರದೆ ಸೋತ ಮಕ್ಕಳ ಕಥೆಯನ್ನೂ ತಾವು ಕೇಳಿ ಬಲ್ಲಿರಿ. ಆದರೆ ಆ ಕಥೆಯಲ್ಲಿ ಒಂದು ತೊಡಕಿದೆ. ಕಟ್ಟಿಗೆಗಳಿಗೆ ತಮ್ಮತಮ್ಮಲ್ಲಿ ಮನಸ್ತಾಪವೆಂಬುದಿಲ್ಲ. ಹಗ್ಗ ಹಿಡಿದವನಿಗೆ ಅವು ಎದುರು ನುಡಿಯುವುದಿಲ್ಲ. ಮನುಷ್ಯರನ್ನು ಕೂಡಿಸುವ ಕೆಲಸ ಅಷ್ಟು ಸುಲಭವಾದುದಲ್ಲ. ಆದುದರಿಂದ ನಾವು ಇಂದು ಬೇರೊಂದು ಕಡೆಯಿಂದ ಮಾತನ್ನು ಆರಂಭಿಸುತ್ತೇವೆ. ದೂರದ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಹೊಲಗಳಲ್ಲಿ, ಉಗ್ರಾಣಗಳಲ್ಲಿ, ಕಾರಖಾನೆಗಳಲ್ಲಿ ದುಡಿಯುತ್ತಿರುವ, ‘ಹಿಸ್ಪಾನಿಕ್’ ಎಂಬ ಒಂದೇ ಹೆಸರಿನಿಂದ ಎಣಿಸಲ್ಪಡುವ, ಆದರೆ ಒಂದೇ ಬಗೆಯವರಲ್ಲದ ಜನರು ಹೇಗೆ ಕೂಡಿ ಕೆಲಸ ಮಾಡಲು ಕಲಿತರೆಂಬುದು ನಮ್ಮ ವಿಷಯ. ಗಡಿನಾಡ ಕನ್ನಡಿಗರ ಉತ್ಸವಕ್ಕೂ ಆ ಕೂಲಿಕಾರರಿಗೂ ಏನು ನಂಟು ಎಂದು ಮುಂದಿನ ಸಾಲಿನ ಹಿರಿಯರು ಹುಬ್ಬೇರಿಸುತ್ತಿರುವುದು ನಮಗೆ ಕಾಣುತ್ತಿದೆ. ಸ್ವಲ್ಪ ತಾಳ್ಮೆಯನ್ನು ಬೇಡುತ್ತೇವೆ.

ನಮ್ಮ ಕೈಕೆಳಗೆ ಕಲಿತ ಹುಡುಗನೊಬ್ಬ ಇಂದು ಆ ದೇಶದ ಒಂದು ಉಗ್ರಾಣದಲ್ಲಿ ಮೇಲ್ವಿಚಾರಕನಾಗಿದ್ದಾನೆ. ಕಳೆದ ದೀಪಾವಳಿಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದು, ಜೋಳದ ರೊಟ್ಟಿ ಮುರಿಯುತ್ತ, ತನ್ನ ಕಷ್ಟವನ್ನು ತೋಡಿಕೊಂಡ. “ಗುರುಗಳ, ಎಲ್ಲಾರೂ ಒಂದ ಭಾಷಾ ಮಾತಾಡ್ತಾರ ಅಂತ ಹೇಳಿ ಒಂದ ಪಾಳಿಗೆ ಹಾಕಿದ್ನಿ. ಎಂಟ ದಿನದಾಗ ಒಬ್ಬರ ಮಾರಿ ಒಬ್ಬರು ನೋಡವಲ್ಲರು” ಎಂದ. ಅವನ ಪಾಳಿಯಲ್ಲಿ ಮೆಕ್ಸಿಕೋದವರಿದ್ದರು, ಪೋರ್ಟೊರಿಕೋದವರಿದ್ದರು, ಗ್ವಾಟೆಮಾಲಾದವರಿದ್ದರು, ಒಬ್ಬಿಬ್ಬರು ಕೊಲಂಬಿಯಾದವರೂ ಇದ್ದರು. ಎಲ್ಲರದೂ ಸ್ಪೇನಿನ ಭಾಷೆ ಎಂದು ಅವನ ಎಣಿಕೆ.

ಮೊದಲ ಜಗಳ ಒಂದು ಶಬ್ದದಿಂದ ಹುಟ್ಟಿತಂತೆ. ಆ ಭಾಷೆಯಲ್ಲಿ ‘ಅಓರಿತಾ’ ಎಂಬ ಮಾತಿದೆ. ‘ಈಗ’ ಎಂಬುದರ ಅಲ್ಪಾರ್ಥಕ ರೂಪವದು. ಮೆಕ್ಸಿಕೋದವನು ಲಾರಿಗೆ ಸರಕು ತುಂಬಲು ‘ಅಓರಿತಾ’ ಎಂದನು; ಅವನ ಮನಸ್ಸಿನಲ್ಲಿದ್ದುದು ‘ಈಗಿಂದೀಗಲೇ’. ಪೋರ್ಟೊರಿಕೋದವನ ಊರಿನಲ್ಲಿ ಅದೇ ಶಬ್ದಕ್ಕೆ ‘ಆಮೇಲೆ, ಸ್ವಲ್ಪ ಹೊತ್ತಿನ ಮೇಲೆ’ ಎಂದು ಅರ್ಥ. ಅವನು ನೆಮ್ಮದಿಯಾಗಿ ಕುಳಿತನು. ಲಾರಿ ನಿಂತೇ ಇತ್ತು. ಒಬ್ಬನು ಮತ್ತೊಬ್ಬನನ್ನು ಸೋಮಾರಿ ಎಂದನು, ಮತ್ತೊಬ್ಬನು ಇವನನ್ನು ದರ್ಪಿಷ್ಠನೆಂದನು. ಇಬ್ಬರೂ ಮಾಡಿದ್ದು ತಮ್ಮ ತಾಯಿ ಕಲಿಸಿದ ಶಬ್ದವನ್ನು ನಂಬಿದ್ದಷ್ಟೆ. ‘ಗ್ವಾಗ್ವಾ’ ಎಂದರೆ ಕ್ಯೂಬಾದಲ್ಲಿ ಬಸ್ಸು, ಚಿಲಿಯಲ್ಲಿ ಎಳೆಗೂಸು. ‘ತೊರ್ತಿಯಾ’ ಎಂದರೆ ಮೆಕ್ಸಿಕೋದಲ್ಲಿ ಮೆಕ್ಕೆಜೋಳದ ರೊಟ್ಟಿ, ಸ್ಪೇನಿನಲ್ಲಿ ಮೊಟ್ಟೆ ಬಟಾಟೆಗಳ ದೋಸೆ. ಇದರಲ್ಲಿ ನಗುವಂಥದೇನೂ ಇಲ್ಲ. ಮೈಸೂರಿನ ನೆಂಟರು “ತಿಂಡಿ ಆಯಿತೇ?” ಎಂದು ಪ್ರೀತಿಯಿಂದ ಕೇಳಿದಾಗ ನಮ್ಮ ಕಡೆಯ ಮುದುಕಿಯರು ಬೆಪ್ಪಾಗಿ ಮೈ ನೋಡಿಕೊಳ್ಳುವುದನ್ನು ನಾವು ಕಂಡಿಲ್ಲವೇ? ನಮ್ಮಲ್ಲಿ ತಿಂಡಿ ಎಂದರೆ ತುರಿಕೆ.

ಶಬ್ದಕ್ಕಿಂತಲೂ ಆಳವಾದುದು ಮರ್ಯಾದೆ. ನಮ್ಮಲ್ಲಿ ನೀನು, ನೀವು, ತಾವು ಇರುವಂತೆ ಅವರಲ್ಲಿ ‘ತೂ’, ‘ವೋಸ್’, ‘ಉಸ್ತೆದ್’ ಎಂಬ ಸಂಬೋಧನೆಗಳಿವೆ. ಕ್ಯೂಬಾ, ಪೋರ್ಟೊರಿಕೋಗಳ ಕಡಲತೀರದವರು ಪರಿಚಯವಾದ ಗಳಿಗೆಯಲ್ಲೇ ‘ತೂ’ ಎನ್ನುವರು. ಅದು ಅವರ ಸ್ನೇಹ. ಕೊಲಂಬಿಯಾದ ಬೆಟ್ಟದ ಸೀಮೆಯಲ್ಲಿ ಗಂಡಹೆಂಡಿರು ಕೂಡ ಒಬ್ಬರನ್ನೊಬ್ಬರು ‘ಉಸ್ತೆದ್’ ಎಂದು ಬಹುವಾಗಿ ಕರೆಯುವುದುಂಟು. ಗ್ವಾಟೆಮಾಲಾ, ಎಲ್ ಸಾಲ್ವದೋರ್‌ಗಳಲ್ಲಿ ಗೆಳೆಯರ ನಡುವೆ ‘ವೋಸ್’. ವಯಸ್ಸಾದ ಒಬ್ಬ ಕೊಲಂಬಿಯಾದವನನ್ನು ಇಪ್ಪತ್ತರ ಹರೆಯದ ಹುಡುಗನು ‘ತೂ’ ಎಂದು ಕರೆದರೆ ಆ ಹಿರಿಯನ ಊಟ ಆ ದಿನ ರುಚಿಸುವುದಿಲ್ಲ. ಅವನು ಏಕೆ ಮುಖ ಗಂಟುಹಾಕಿಕೊಂಡನೆಂಬುದು ಹುಡುಗನಿಗೂ ತಿಳಿಯುವುದಿಲ್ಲ.

ಇನ್ನು ಈ ‘ಹಿಸ್ಪಾನಿಕ್’ ಎಂಬ ಹೆಸರು ಎಲ್ಲಿಂದ ಬಂದಿತು? ೧೯೭೬ರಲ್ಲಿ ಅಮೆರಿಕದ ಶಾಸನಸಭೆಯು ಸ್ಪೇನ್ ಮೂಲದ ಜನರ ಅಂಕಿಸಂಖ್ಯೆಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂದು ಕಾಯಿದೆ ಮಾಡಿತು; ೧೯೮೦ರ ಜನಗಣತಿಯಲ್ಲಿ ಆ ಪ್ರಶ್ನೆಯನ್ನು ಮನೆಮನೆಗೂ ಕೇಳಲಾಯಿತು. ೨೦೨೦ರ ಗಣತಿಯಲ್ಲಿ ಇವರ ಸಂಖ್ಯೆ ೬ ಕೋಟಿ ೨೧ ಲಕ್ಷ. ಗಣತಿಯವರ ದೃಷ್ಟಿಯಿಂದ ಈ ಹೆಸರು ಉಪಯುಕ್ತವೇ ಸರಿ. ಸಂಖ್ಯೆಯಿಲ್ಲದವರಿಗೆ ಸರಕಾರದಲ್ಲಿ ಕಿವಿಯೂ ಇಲ್ಲ. ಆದರೆ ಆ ಒಂದು ಹೆಸರಿನ ಮಾಡಿನ ಕೆಳಗೆ ಎಂಥೆಂಥ ಮನೆಗಳಿವೆಯೆಂಬುದನ್ನು ನೋಡಬೇಕು. ಪೋರ್ಟೊರಿಕೋ ದ್ವೀಪವು ೧೮೯೮ರಲ್ಲಿ ಅಮೆರಿಕದ ವಶವಾಯಿತು, ೧೯೧೭ರಿಂದ ಅಲ್ಲಿಯವರು ಅಮೆರಿಕದ ಪ್ರಜೆಗಳು. ಅವರಿಗೆ ಪರವಾನಗಿಯ ಚಿಂತೆಯಿಲ್ಲ. ಅವರ ಪಕ್ಕದಲ್ಲಿಯೇ ಅದೇ ಪೆಟ್ಟಿಗೆಯನ್ನು ಎತ್ತುತ್ತಿರುವ ಗ್ವಾಟೆಮಾಲಾದವನ ತಂದೆ, ೧೯೬೦ರಿಂದ ೧೯೯೬ರವರೆಗೆ ಆ ನಾಡನ್ನು ಸುಟ್ಟ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದಿರಬಹುದು. ಅವನಲ್ಲಿ ಕಾಗದಪತ್ರಗಳು ಇಲ್ಲದಿರಬಹುದು. ಮುಕಾದಮನು ಗದರಿದರೆ ಮೊದಲಿನವನು ತಿರುಗಿ ಮಾತನಾಡಬಲ್ಲನು, ಎರಡನೆಯವನು ತಲೆತಗ್ಗಿಸಬೇಕು. ತಲೆತಗ್ಗಿಸಿದವನನ್ನು ಹೇಡಿಯೆಂದು ಮೊದಲಿನವನು ತಿಳಿದರೆ ಅಲ್ಲಿಗೆ ಕೂಟ ಮುರಿಯಿತು.

ಮೆಕ್ಸಿಕೋದವರಲ್ಲಿಯೂ ಎರಡು ಬಗೆ. ೧೮೪೮ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಮೊದಲಾದ ವಿಶಾಲ ಸೀಮೆಯನ್ನು ಮೆಕ್ಸಿಕೋ ಕಳೆದುಕೊಂಡಿತು. ಅಲ್ಲಿದ್ದ ಕುಟುಂಬಗಳು ಎಲ್ಲಿಗೂ ಹೋಗಲಿಲ್ಲ. ಹೊಲ, ಬಾವಿ, ಗುಡಿ ಎಲ್ಲ ಇದ್ದಲ್ಲೇ ಇದ್ದವು. ಗಡಿಯೇ ಅವರ ಬೆನ್ನ ಹಿಂದಿನಿಂದ ಮುಂದಕ್ಕೆ ಸರಿಯಿತು. ೧೯೫೬ರ ನವೆಂಬರ್ ಒಂದರಂದು ಇಲ್ಲಿಯ ಹಿರಿಯರಿಗೆ ಏನಾಯಿತೆಂಬುದನ್ನು ಬಲ್ಲ ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥವರನ್ನು ಕೂಡಿಸುವ ಪ್ರಯತ್ನಗಳಲ್ಲಿ ಹೆಸರಾದುದು ಕ್ಯಾಲಿಫೋರ್ನಿಯಾದ ಡೆಲನೋ ಊರಿನ ದ್ರಾಕ್ಷಿತೋಟಗಳ ಮುಷ್ಕರ. ಅಲ್ಲಿ ಫಿಲಿಪ್ಪೀನ್ಸ್ ದ್ವೀಪಗಳಿಂದ ಬಂದ ಕೂಲಿಗಳೂ ಮೆಕ್ಸಿಕೋ ಮೂಲದ ಕೂಲಿಗಳೂ ಇದ್ದರು. ಸ್ಪೇನ್ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಆಳಿದುದರಿಂದ ಫಿಲಿಪ್ಪೀನ್ಸಿನವರಲ್ಲಿ ಹಲವರ ಹೆಸರುಗಳೂ ಸ್ಪೇನಿನವೇ, ಪೂಜೆಯೂ ಅದೇ ಕ್ರೈಸ್ತ ಗುಡಿಯಲ್ಲಿ. ಆದರೂ ಗಣತಿಯ ಹೆಸರಿನೊಳಗೆ ಅವರು ಸೇರರು. ಒಂದು ಗುಂಪು ಕೆಲಸ ನಿಲ್ಲಿಸಿದರೆ ಮತ್ತೊಂದು ಗುಂಪನ್ನು ಕರೆತಂದು ಮುಷ್ಕರ ಮುರಿಯುವುದು ತೋಟದ ಧಣಿಗಳ ಹಳೆಯ ಉಪಾಯವಾಗಿತ್ತು. ೧೯೬೫ರ ಸೆಪ್ಟೆಂಬರ್ ೮ರಂದು ಲ್ಯಾರಿ ಇಟ್ಲಿಯಾಂಗ್ ಎಂಬವರ ಮುಂದಾಳುತನದಲ್ಲಿ ಫಿಲಿಪ್ಪೀನ್ಸಿನವರು ಗಂಟೆಗೆ ೧ ಡಾಲರ್ ೪೦ ಸೆಂಟು ಕೂಲಿ ಕೇಳಿ ಕೆಲಸ ನಿಲ್ಲಿಸಿದರು. ಎಂಟು ದಿನಗಳ ಮೇಲೆ, ಸೆಪ್ಟೆಂಬರ್ ೧೬ರಂದು, ಸೀಸರ್ ಚಾವೆಸ್ ಮತ್ತು ಡೊಲೊರೆಸ್ ವೆರ್ತಾ ಅವರ ಸಂಘವು ತಾನೂ ಕೂಡಿಕೊಳ್ಳಲು ನಿರ್ಧರಿಸಿತು. ಫಿಲಿಪ್ಪೀನ್ಸಿನವರ ಸಭಾಭವನದ ಅಡಿಗೆಮನೆಯಲ್ಲಿ ಎರಡು ಕಡೆಯವರಿಗೂ ಊಟ ನಡೆಯಿತು. ಅದುವರೆಗೆ ಬೇರೆಬೇರೆ ಬಿಡಾರಗಳಲ್ಲಿ ಬೇಯಿಸಿ ಉಂಡವರು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಒಂದೇ ಒಲೆಯ ಈ ಊಟ ಎಷ್ಟೋ ಸಭೆಗಳ ಕೆಲಸವನ್ನು ಮಾಡಿರಬೇಕೆಂದು ನಮ್ಮ ಊಹೆ. ೧೯೬೬ರಲ್ಲಿ ಎರಡು ಸಂಘಗಳೂ ಒಂದಾದವು. ಗಾಂಧೀಜಿಯವರ ದಾರಿಯನ್ನು ಓದಿ ತಿಳಿದಿದ್ದ ಚಾವೆಸ್ ೧೯೬೮ರಲ್ಲಿ ೨೫ ದಿನಗಳ ಉಪವಾಸ ಮಾಡಿದರು. ೧೯೭೦ರ ಜುಲೈ ೨೯ರಂದು ಧಣಿಗಳು ಒಪ್ಪಂದಕ್ಕೆ ಸಹಿ ಹಾಕಿದರು.

ಸಾಮಾನ್ಯವಾಗಿ ಭಾಷಣಕಾರರು ಇಲ್ಲಿಗೆ ನಿಲ್ಲಿಸುತ್ತಾರೆ. ಚಪ್ಪಾಳೆಗೆ ಇದು ತಕ್ಕ ಸ್ಥಳ. ಆದರೆ ಮುಂದಿನ ವರ್ಷವೇ, ೧೯೭೧ರಲ್ಲಿ, ಇಟ್ಲಿಯಾಂಗ್ ಆ ಸಂಘವನ್ನು ಬಿಟ್ಟು ಹೊರನಡೆದರು. ಸಂಖ್ಯೆಯಲ್ಲಿ ಮೆಕ್ಸಿಕೋದವರು ಬಹಳ, ಫಿಲಿಪ್ಪೀನ್ಸಿನವರು ಸ್ವಲ್ಪ. ಸಭೆಯ ಮಾತು, ಹಾಡು, ಬಾವುಟ ಎಲ್ಲವೂ ಹೆಚ್ಚು ಜನರ ಕಡೆಗೆ ವಾಲಿದ್ದವು. ಸಂಘದ ಕಚೇರಿಯಿಂದಲೇ ಕೆಲಸ ಹಂಚುವ ಹೊಸ ಕ್ರಮ ಬಂದು, ವರ್ಷಗಟ್ಟಲೆ ಒಟ್ಟಿಗೆ ದುಡಿದ ಮುದುಕರ ಹಳೆಯ ತಂಡಗಳು ಚದುರಿಹೋದವು. ಮೊದಲು ಹೊಲದಿಂದ ಹೊರಬಂದವರಿಗೆ, ತಮ್ಮ ಅಡಿಗೆಮನೆಯನ್ನು ತೆರೆದುಕೊಟ್ಟವರಿಗೆ, ತಾವು ಕಟ್ಟಿದ ಮನೆಯಲ್ಲಿ ತಾವೇ ಅತಿಥಿಗಳಾದಂತೆ ತೋರಿತು. ಯಾರೂ ಅವರನ್ನು ಹೊರದೂಡಲಿಲ್ಲ. ಅವರು ಅಲ್ಲಿರುವುದನ್ನು ಮರೆತರು, ಅಷ್ಟೆ. ವೃದ್ಧರಾದ ಆ ಕೂಲಿಗಳಿಗಾಗಿ ಮುಂದೆ ೧೯೭೪ರಲ್ಲಿ ಡೆಲನೋದಲ್ಲಿ ಅಗ್ಬಯಾನಿ ಗ್ರಾಮವೆಂಬ ವಸತಿ ಎದ್ದಿತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಅದನ್ನು ಸ್ವಯಂಸೇವಕರು ಬೆವರು ಸುರಿಸಿ ಕಟ್ಟಿದರು. ಆದರೂ ಹೋದ ಮನಸ್ಸು ಹೋಗಿತ್ತು.

ಈ ಅನುಭವಕ್ಕೆ ಸುಮಾರು ಇಪ್ಪತ್ತೆರಡು ವರ್ಷಗಳ ಅನಂತರ, ಆ ದೇಶದ ಇನ್ನೊಂದು ತುದಿಯಲ್ಲಿ, ಫ್ಲಾರಿಡಾ ಸಂಸ್ಥಾನದ ಇಮ್ಮೊಕಲೀ ಎಂಬ ಊರಿನಲ್ಲಿ ನಡೆದುದು ನಮಗೆ ಹೆಚ್ಚು ಬೋಧಪ್ರದವೆನಿಸಿದೆ. ಅದು ಟೊಮೆಟೊ ಹೊಲಗಳ ಊರು. ನಸುಕಿನಲ್ಲಿ, ಇನ್ನೂ ಕತ್ತಲೆ ಇರುವಾಗಲೇ, ಕೂಲಿಗಳು ಒಂದು ಬಯಲಿನಲ್ಲಿ ಬಂದು ನಿಲ್ಲುವರು. ಮುಕಾದಮರು ಬಸ್ಸು ತಂದು ಬೇಕಾದವರನ್ನು ಆರಿಸಿ ಒಯ್ಯುವರು. ಕಬ್ಬಿನ ಗ್ಯಾಂಗು ಏಳುವ ಹೊತ್ತನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಕೂಲಿ ಬಕೆಟ್ಟಿನ ಲೆಕ್ಕದ ಮೇಲೆ. ಒಂದೊಂದು ಬಕೆಟ್ಟಿಗೆ ಸುಮಾರು ಹದಿನಾಲ್ಕು ಕಿಲೋ ಹಸಿರು ಟೊಮೆಟೊ. ಅಲ್ಲಿ ಮೆಕ್ಸಿಕೋದವರು, ಗ್ವಾಟೆಮಾಲಾದವರು, ಹೈತಿಯವರು ದುಡಿಯುತ್ತಿದ್ದರು. ಹೈತಿಯವರ ಭಾಷೆ ಕ್ರೆಯೋಲ್, ಅದಕ್ಕೂ ಸ್ಪೇನಿಗೂ ಸಂಬಂಧವಿಲ್ಲ. ಇನ್ನೂ ಸೋಜಿಗದ ಸಂಗತಿಯೆಂದರೆ ‘ಹಿಸ್ಪಾನಿಕ್’ ಎಂದು ಪಟ್ಟಿಯಲ್ಲಿ ಬರೆಯಲ್ಪಟ್ಟ ಹಲವರಿಗೆ ಸ್ಪೇನಿನ ಭಾಷೆಯೇ ಮನೆಮಾತಲ್ಲ. ಗ್ವಾಟೆಮಾಲಾದಲ್ಲಿ ಮಾಯಾ ವಂಶದ ನುಡಿಗಳೇ ೨೦ಕ್ಕೂ ಹೆಚ್ಚು. ಅಲ್ಲಿಂದ ಬಂದವನು ಮಾಮ್ ನುಡಿಯವನೋ ಕಾಂಜೊಬಾಲ್ ನುಡಿಯವನೋ ಆಗಿರುವನು. ಮೆಕ್ಸಿಕೋದ ಒಆಹಾಕಾ ಸೀಮೆಯಿಂದ ಬಂದವನು ಮನೆಯಲ್ಲಿ ಮಿಸ್ತೆಕ್ ಅಥವಾ ಸಪೊತೆಕ್ ಆಡುವನು. ಸ್ಪೇನಿನ ಭಾಷೆ ಅವನಿಗೆ ಸಂತೆಯ ಭಾಷೆ, ಪೊಲೀಸರ ಭಾಷೆ. ಮುಕಾದಮನು ಆ ಭಾಷೆಯಲ್ಲಿ ಕೂಗಿದಾಗ ಅವನು ತಲೆಯಾಡಿಸುವನು. ತಲೆಯಾಡಿಸಿದನೆಂದರೆ ತಿಳಿಯಿತು ಎಂದಲ್ಲ.

೧೯೯೩ರಲ್ಲಿ ಇಂಥ ಒಂದು ಸಣ್ಣ ಗುಂಪು ಊರಿನ ಇಗರ್ಜಿಯ ಒಂದು ಕೋಣೆಯಲ್ಲಿ ವಾರಕ್ಕೊಮ್ಮೆ ಸೇರತೊಡಗಿತು. ಅದೇ ಮುಂದೆ ಇಮ್ಮೊಕಲೀ ಕಾರ್ಮಿಕರ ಒಕ್ಕೂಟವಾಯಿತು. ಅವರು ಹಿಡಿದ ಕ್ರಮ ಉಪಾಧ್ಯಾಯ ವೃತ್ತಿಯವರಾದ ನಮ್ಮನ್ನು ವಿಶೇಷವಾಗಿ ಸೆಳೆಯಿತು. ಭಾಷೆಗಳು ಹಲವು, ಬಹುಮಂದಿಗೆ ಓದು ಬಾರದು. ಆದುದರಿಂದ ಅವರು ಉಪನ್ಯಾಸವನ್ನು ಬಿಟ್ಟು ಚಿತ್ರ ಬರೆದರು. ಹೊಲ, ಬಸ್ಸು, ಬಕೆಟ್ಟು, ಮುಕಾದಮ, ಇವುಗಳ ಚಿತ್ರವನ್ನು ಗೋಡೆಗೆ ತೂಗುಹಾಕಿ, ಏನು ಕಾಣುತ್ತದೆ, ಏಕೆ ಹೀಗಿದೆ ಎಂದು ಕೇಳುವುದು. ಸಣ್ಣ ನಾಟಕಗಳನ್ನು ಆಡುವುದು. ಈ ಬಗೆಯ ಜನಶಿಕ್ಷಣಕ್ಕೆ ಬ್ರೆಜಿಲಿನ ಪಾವ್ಲೊ ಫ್ರೇರೆ ಮೂಲಪುರುಷರು. ಹೈತಿಯ ರೈತ ಚಳವಳಿಯಲ್ಲಿ ಪಳಗಿದವರೂ ಅದನ್ನು ತಮ್ಮೊಡನೆ ತಂದಿದ್ದರು. ಪಟ್ಟಿಯಲ್ಲಿ ಹೊರಗಿನವರಾದ ಹೈತಿಯವರು ಒಳಗಿನವರಿಗೆ ಗುರುಗಳಾದರು, ನೋಡಿರಿ. ಒಂದು ಚಿತ್ರವನ್ನು ನೋಡಿ ಮಾಮ್ ನುಡಿಯವನೂ ಕ್ರೆಯೋಲ್ ನುಡಿಯವನೂ ಒಂದೇ ಕಡೆಗೆ ಬೆರಳು ಮಾಡಿ ತೋರಿಸಿದಾಗ ಅಲ್ಲಿ ಅನುವಾದಕ್ಕೆ ಕೆಲಸವೇ ಉಳಿಯುತ್ತಿರಲಿಲ್ಲ.

ಮುಖಂಡನೆಂದು ಒಬ್ಬನನ್ನು ಎತ್ತರದಲ್ಲಿ ಕೂರಿಸಲು ಅವರು ಒಪ್ಪಲಿಲ್ಲ. ಎಲ್ಲರೂ ಮುಖಂಡರೇ ಎಂಬುದು ಅವರ ನೇಮ. ಒಂದು ಸಹಕಾರಿ ಅಂಗಡಿಯನ್ನು ತೆರೆದು ರೊಟ್ಟಿ ಕಾಳುಗಳನ್ನು ಸರಿಬೆಲೆಗೆ ಮಾರಿದರು. ೧೯೯೫ರಲ್ಲಿ ಕೂಲಿಯನ್ನು ಇಳಿಸಹೊರಟಾಗ ಮೂರು ಸಾವಿರದಷ್ಟು ಜನ ಹೊಲಕ್ಕೆ ಹೋಗಲಿಲ್ಲ. ೧೯೯೬ರಲ್ಲಿ ಗ್ವಾಟೆಮಾಲಾದ ಎಳೆಯ ಹುಡುಗನೊಬ್ಬನನ್ನು, ಕೆಲಸದ ನಡುವೆ ನೀರು ಕುಡಿಯಲು ನಿಂತನೆಂಬ ಕಾರಣಕ್ಕೆ, ಹೊಲದಲ್ಲಿ ಹೊಡೆದರು. ಅವನು ರಕ್ತದ ಅಂಗಿಯೊಡನೆ ಒಕ್ಕೂಟದ ಬಾಗಿಲಿಗೆ ಬಂದನು. ಹಿಂದಿನ ಕಾಲವಾಗಿದ್ದರೆ ಅದು ಗ್ವಾಟೆಮಾಲಾದವರ ಸಂಕಟವಾಗಿ ಉಳಿಯುತ್ತಿತ್ತು. ಈ ಸಲ ಆ ಅಂಗಿಯನ್ನು ಎತ್ತಿ ಹಿಡಿದು ನೂರಾರು ಕೂಲಿಗಳು ಮುಕಾದಮನ ಮನೆಯವರೆಗೂ ನಡೆದರು. ಒಬ್ಬನನ್ನು ಹೊಡೆದರೆ ನಮ್ಮೆಲ್ಲರನ್ನೂ ಹೊಡೆದಂತೆ ಎಂಬುದು ಅವರ ಕೂಗಾಗಿತ್ತು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇವೆ. ೨೦೦೧ರಲ್ಲಿ ಟೊಮೆಟೊ ಕೊಳ್ಳುವ ದೊಡ್ಡ ಉಪಾಹಾರಗೃಹಗಳ ಸಂಸ್ಥೆಯಾದ ಟ್ಯಾಕೊ ಬೆಲ್ಲಿನ ವಿರುದ್ಧ ಬಹಿಷ್ಕಾರ ಸಾರಿದರು. ೨೦೦೫ರಲ್ಲಿ ಆ ಸಂಸ್ಥೆ ಪೌಂಡಿಗೆ ಒಂದು ಸೆಂಟು ಹೆಚ್ಚಾಗಿ ಕೊಡಲು ಒಪ್ಪಿತು. ೨೦೦೩ರಲ್ಲಿ ತಮ್ಮದೇ ಒಂದು ಸಣ್ಣ ರೇಡಿಯೋ ನಿಲಯವನ್ನು ಕಟ್ಟಿಕೊಂಡರು. ಅದರಲ್ಲಿ ಸ್ಪೇನಿನ ಭಾಷೆಯ ಜೊತೆಗೆ ಕ್ರೆಯೋಲ್ ಮತ್ತು ಮೂಲನಿವಾಸಿಗಳ ನುಡಿಗಳೂ ಕೇಳಿಬಂದವು. ೨೦೧೧ರಿಂದ ‘ನ್ಯಾಯದ ಆಹಾರ’ ಎಂಬ ಅರ್ಥದ ಯೋಜನೆ ನಡೆಯುತ್ತಿದೆ. ಹೊಲದಲ್ಲಿ ನೆರಳಿನ ಚಪ್ಪರ ಇರಬೇಕು. ಕೂಲಿಗಳಿಗೆ ಅವರ ಹಕ್ಕುಗಳನ್ನು ಕೂಲಿಯ ಹೊತ್ತಿನಲ್ಲಿಯೇ, ಕೂಲಿ ಕಡಿಯದೆ, ಕೂಲಿಯೇ ಆದವನೊಬ್ಬನು ಬಂದು ತಿಳಿಸಬೇಕು. ಹಗಲಿರುಳೂ ದೂರು ಕೇಳುವವರು ಇರಬೇಕು. ಇದಾವುದೂ ಧಣಿಗಳು ಉದಾರಿಗಳಾಗಿ ಕೊಟ್ಟುದಲ್ಲ.

ನಮ್ಮ ವಿದ್ಯಾರ್ಥಿಗೆ ನಾವು ಇಷ್ಟನ್ನು ಹೇಳಿದೆವು. ಅವನು ಧಣಿಯ ಕಡೆಯವನು, ಮುಷ್ಕರದ ಕಥೆಯನ್ನು ಕೇಳಿ ಮೊದಲು ಮುಗುಳುನಕ್ಕ. ಆದರೆ ಬುದ್ಧಿವಂತ. ಹಿಂದಿರುಗಿದ ಮೇಲೆ ಪಾಳಿಯ ಆರಂಭಕ್ಕೆ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ, ಆ ದಿನದ ಕೆಲಸವನ್ನು ತಾನು ಹೇಳದೆ, ಪ್ರತಿ ದಿನ ಒಬ್ಬೊಬ್ಬರಿಂದ ಅವರವರ ಮಾತಿನಲ್ಲಿ ಹೇಳಿಸುವ ಪದ್ಧತಿಯನ್ನು ಹಾಕಿದ. ‘ಅಓರಿತಾ’ ಎಂಬ ಶಬ್ದವನ್ನು ಬಿಟ್ಟು ಗಡಿಯಾರದ ಹೊತ್ತನ್ನು ಹೇಳಬೇಕೆಂದು ಗೊತ್ತುಮಾಡಿದ. ಹಿರಿಯರನ್ನು ‘ಉಸ್ತೆದ್’ ಎಂದು ತಾನೇ ಕರೆಯತೊಡಗಿದ. ಮೂರನೆಯ ವಾರದಲ್ಲಿ, ಅದುವರೆಗೆ ತುಟಿ ಬಿಚ್ಚದಿದ್ದ ಗ್ವಾಟೆಮಾಲಾದ ಒಬ್ಬನು, ಸರಕೆತ್ತುವ ಯಂತ್ರದ ತಡೆ ಸರಿಯಾಗಿಲ್ಲವೆಂದು ಹೇಳಿದನಂತೆ. ಎಷ್ಟು ದಿನದಿಂದ ಎಂದು ಕೇಳಿದರೆ, ತಾನು ಬಂದಂದಿನಿಂದ ಎಂದನಂತೆ. ಯಾರ ಕಾಲಾದರೂ ಜಜ್ಜಿಹೋಗಬಹುದಾಗಿದ್ದ ಸಂಗತಿಯನ್ನು ಅವನು ಅಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದನು. ಕೇಳಿದವರೇ ಇರಲಿಲ್ಲ.

ದೂರವಾಣಿಯಲ್ಲಿ ಈ ಸಂಗತಿಯನ್ನು ಕೇಳಿದಾಗ ನಮಗೆ ಸಂತೋಷಕ್ಕಿಂತ ಮೊದಲು ಬೇರೊಂದು ನೆನಪು ಬಂದಿತು. ಅದನ್ನು ಈ ಸಭೆಯಲ್ಲಿ ಹೇಳದೆ ಹೋದರೆ ಇದುವರೆಗೆ ಆಡಿದ ಮಾತು ಬರಿಯ ಬಾಯುಪಚಾರವಾದೀತು.

ನಮ್ಮ ಶಾಲೆ ಕನ್ನಡ ಮಾಧ್ಯಮದ್ದು. ಹಾಜರಿಯ ಪಟ್ಟಿಯಲ್ಲಿರುವ ಮಕ್ಕಳೆಲ್ಲರೂ ಕನ್ನಡದ ಮಕ್ಕಳೆಂದೇ ನಾವು ಸರಕಾರಕ್ಕೆ ಲೆಕ್ಕ ಬರೆದುಕೊಡುತ್ತೇವೆ. ಬರೆದುಕೊಡಲೇಬೇಕು, ಇಲ್ಲವಾದರೆ ವರ್ಗ ಉಳಿಯದು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಲಂಬಾಣಿ ತಾಂಡಾದ ಹುಡುಗನೊಬ್ಬನಿದ್ದನು. ಮನೆಯಲ್ಲಿ ಅವನದು ಗೋರಬೋಲಿ, ಪೇಟೆಯಲ್ಲಿ ಮರಾಠಿ; ಕನ್ನಡ ಅವನಿಗೆ ಮೂರನೆಯದು. ಸ್ನೇಹಸಮ್ಮೇಳನದ ನಾಟಕದಲ್ಲಿ ಅವನಿಗೆ ದೂತನ ಪಾತ್ರವನ್ನು ಕೊಟ್ಟಿದ್ದೆವು. ಒಂದೇ ಮಾತು, ಹತ್ತು ಶಬ್ದಗಳದು. ಶಬ್ದಮಣಿದರ್ಪಣವನ್ನು ಪಾಠ ಹೇಳಿಸಿಕೊಂಡು ವಿದ್ವಾನ್ ಪದವಿ ಪಡೆದ ಕಿವಿ ನಮ್ಮದು. ಅವನು ಒಂದೊಂದು ಸಲ ಬಾಯಿ ತೆರೆದಾಗಲೂ ತಡೆದು ತಿದ್ದಿದೆವು. ಉಳಿದ ಮಕ್ಕಳು ನಕ್ಕರು, ನಾವು ಗದರಲಿಲ್ಲ. ನಾಲ್ಕನೆಯ ದಿನ ಅವನು ತಾಲೀಮಿಗೆ ಬರಲಿಲ್ಲ. ಪಾತ್ರವನ್ನು ಬೇರೆಯವನಿಗೆ ಕೊಟ್ಟೆವು, ನಾಟಕ ಚೆನ್ನಾಗಿಯೇ ಆಯಿತು, ತಾವೆಲ್ಲ ಮೆಚ್ಚಿಕೊಂಡಿರಿ. ಒಂಬತ್ತನೆಯ ತರಗತಿಗೆ ಅವನು ಹೆಸರನ್ನೇ ಹಚ್ಚಲಿಲ್ಲ. ತಂದೆತಾಯಿಗಳೊಡನೆ ಕಬ್ಬು ಕಡಿಯಲು ಹೋದನೆಂದು ಕೇಳಿದೆವು. ಬಡತನದಿಂದ ಹೋದನೆಂದು ನಾವು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಬಡತನವೂ ಇದ್ದಿತು.

ಅವನ ತಂಗಿ ಈಗ ನಮ್ಮ ತರಗತಿಯಲ್ಲಿ ಓದುತ್ತಿದ್ದಾಳೆ. ಈ ಸಲದ ನಾಟಕವನ್ನು ನಾವು ಬರೆಯಲಿಲ್ಲ, ಮಕ್ಕಳು ಕೂಡಿ ಕಟ್ಟಿದ್ದಾರೆ. ಅದರ ಮೊದಲ ಪ್ರವೇಶ ಗೋರಬೋಲಿಯಲ್ಲಿದೆ, ಎರಡನೆಯದು ನಮ್ಮ ನೇಕಾರರ ಓಣಿಯ ಕನ್ನಡದಲ್ಲಿದೆ. ಹುಡುಗಿ ನಮಗೆ ಮೂರು ಸಲ ಅರ್ಥ ಹೇಳಿಕೊಟ್ಟಳು. ಮೂರನೆಯ ಸಲವೂ ನಾವು ಎರಡು ಶಬ್ದಗಳನ್ನು ತಪ್ಪಾಗಿ ಉಚ್ಚರಿಸಿದೆವಂತೆ, ಅವಳು ನಗಲಿಲ್ಲ. ತಾಂಡಾದಿಂದ ಹದಿನೆಂಟು ಮಂದಿ ಬಂದು ಹಿಂದೆ ಗೋಡೆಯ ಬದಿಯಲ್ಲಿ ನಿಂತಿದ್ದಾರೆ. ಮುಂದೆ ಕುರ್ಚಿಗಳು ಖಾಲಿ ಇವೆ, ದಯಮಾಡಿ ಬಂದು ಕುಳಿತುಕೊಳ್ಳಬೇಕೆಂದು ಅವರನ್ನು ಪ್ರಾರ್ಥಿಸುತ್ತೇವೆ. ವೇಷ ಕಟ್ಟಿಕೊಂಡ ಮಕ್ಕಳು ಪರದೆಯ ಹಿಂದೆ ಚಡಪಡಿಸುತ್ತಿರುವುದು ಕೇಳುತ್ತಿದೆ. ನಾವು ವೇದಿಕೆಯನ್ನು ಅವರಿಗೆ ಬಿಟ್ಟುಕೊಡುತ್ತೇವೆ.